ಅಳಿವೆಗೆ ಅವಸರ ಒಗ್ಗದು

ಕಾರವಾರದಿಂದ ಉಳ್ಳಾಲದವರೆಗಿನ ಸುಮಾರು 300 ಕಿಲೋಮೀಟರ್ ಕರಾವಳಿಯಲ್ಲಿ ಘಟ್ಟದಿಂದ ಇಳಿದ ನದಿಗಳು ಒಂದರ ಹಿಂದೆ ಒಂದರಂತೆ ಕಡಲು ಸೇರುತ್ತವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿ, ಸೀತಾ ಮತ್ತು ಸ್ವರ್ಣಾ, ಶಾಂಭವಿ ಮತ್ತು ನಂದಿನಿ, ಗುರುಪುರ ಮತ್ತು ನೇತ್ರಾವತಿ. ಹೆದ್ದಾರಿಯ ಸೇತುವೆ ದಾಟುವ ಬಸ್ಸಿನಿಂದ ನೋಡಿದರೆ ಇವೆಲ್ಲ ಒಂದೇ ಬಗೆ: ಎರಡೂ ದಡಕ್ಕೆ ತೆಂಗು, ನಡುವೆ ಅಗಲವಾದ ನೀರು, ಅಲ್ಲೊಂದು ಇಲ್ಲೊಂದು ದೋಣಿ. ಆದರೆ ಸೇತುವೆ ಇಳಿದು ದೋಣಿ ಹತ್ತುವವರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಕಾರವಾರದಲ್ಲಿ ಡಾಲ್ಫಿನ್ ತೋರಿಸುವ ಬೋಟು, ಹೊನ್ನಾವರದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಸುತ್ತಿಸುವ ಬೋಟು, ಸಾಲಿಗ್ರಾಮದ ಬಳಿ ಸೀತಾನದಿಯಲ್ಲಿ ಕಯಾಕ್. ಹೀಗೆ ಹೋಗಿಬಂದ ಹಲವರದು ಒಂದೇ ಮಾತು: ಗಾಳಿ ಚೆನ್ನಾಗಿತ್ತು, ಪ್ರಾಣಿ ಪಕ್ಷಿ ಮಾತ್ರ ಅಷ್ಟೇನೂ ಕಾಣಲಿಲ್ಲ. ಕಾಣದಿದ್ದುದಕ್ಕೆ ಕಾರಣ ನದಿ ಕಡಲು ಸೇರುವ ಈ ಅಳಿವೆಗಳು ಬರಿದಾಗಿರುವುದಲ್ಲ. ನಾವು ಹೋಗುವ ಹೊತ್ತು, ಹೋಗುವ ವೇಗ, ಹೋಗುವ ರೀತಿ, ಈ ಮೂರೂ ಅಲ್ಲಿನ ಜೀವಿಗಳ ದಿನಚರಿಗೆ ಹೊಂದುವುದಿಲ್ಲ. ಚಿಕ್ಕ ದೋಣಿಯಲ್ಲಿ, ಉಬ್ಬರವಿಳಿತದ ಲೆಕ್ಕ ನೋಡಿಕೊಂಡು, ನಿಧಾನವಾಗಿ ಹೋಗಿ ಎನ್ನುವುದು ಬರೀ ಪರಿಸರಪ್ರೇಮಿಗಳ ಉಪದೇಶವಲ್ಲ. ಕೊಟ್ಟ ದುಡ್ಡಿಗೆ ಹೆಚ್ಚು ನೋಡಬೇಕು ಎನ್ನುವವರಿಗೂ ಅದೇ ದಾರಿ. ಅಳಿವೆಯ ಮಟ್ಟಿಗೆ, ನೋಡುವವರ ಲಾಭವೂ ಅಲ್ಲಿ ಬದುಕುವ ಜೀವಿಗಳ ಲಾಭವೂ ಒಂದೇ ಕಡೆಗಿವೆ.

ಅಳಿವೆಯಲ್ಲಿ ಹೊತ್ತುಗೊತ್ತನ್ನು ನಿರ್ಧರಿಸುವುದು ಸೂರ್ಯನಿಗಿಂತ ಹೆಚ್ಚಾಗಿ ಚಂದ್ರ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಈ ಸುತ್ತು ಪೂರ್ತಿಯಾಗಲು ಸುಮಾರು 24 ಗಂಟೆ 50 ನಿಮಿಷ ಬೇಕು. ಹಾಗಾಗಿ ಇಂದು ಬೆಳಿಗ್ಗೆ 6ಕ್ಕೆ ಇಳಿತ ಮುಟ್ಟಿದ ನೀರು ನಾಳೆ ಅದೇ ಮಟ್ಟಕ್ಕೆ ಬರುವಾಗ 7 ಗಂಟೆಗೆ ಹತ್ತಿರವಾಗಿರುತ್ತದೆ. ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರಿಳಿಯುವುದುಂಟು. ಕೊಚ್ಚಿಯಲ್ಲಿ ಅದು ಒಂದು ಮೀಟರಿನ ಆಸುಪಾಸು. ಕಾರವಾರ, ಕುಮಟಾಗಳ ಕಡೆ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಎರಡು ಮೀಟರಿಗೆ ಹತ್ತಿರ. ಎರಡು ಮೀಟರ್ ದೊಡ್ಡ ಸಂಗತಿ ಅಲ್ಲವೆನಿಸಬಹುದು. ಆದರೆ ಅಳಿವೆಯ ತಳ ಬಹುತೇಕ ಮಟ್ಟಸ. ಅಷ್ಟು ನೀರು ಇಳಿಯಿತೆಂದರೆ ಮಧ್ಯಾಹ್ನ ದೋಣಿ ತೇಲಿದ ಜಾಗದಲ್ಲಿ ಸಂಜೆ ನೂರಾರು ಎಕರೆ ಕೆಸರು ಬಯಲು ಬಿಸಿಲಿಗೆ ಹೊಳೆಯುತ್ತಿರುತ್ತದೆ. ಒಂದೇ ಊರಿನ ಒಂದೇ ಹೊಳೆ ಆರು ಗಂಟೆಯ ಅಂತರದಲ್ಲಿ ಎರಡು ಬೇರೆ ಬೇರೆ ಜಾಗಗಳಾಗುತ್ತದೆ. ಎರಡರಲ್ಲಿ ಕಾಣಿಸಿಕೊಳ್ಳುವ ಜೀವಿಗಳೂ ಬೇರೆ. ಹತ್ತು ಗಂಟೆಗೆ ಒಂದು, ಹನ್ನೊಂದಕ್ಕೆ ಒಂದು ಎಂದು ಗೋಡೆ ಗಡಿಯಾರ ನೋಡಿ ಬಿಡುವ ಬೋಟಿಗೆ ಈ ವ್ಯತ್ಯಾಸವೇ ಗೊತ್ತಿರುವುದಿಲ್ಲ.

ಇಳಿತದ ಹೊತ್ತನ್ನು ಮೊದಲು ನೋಡೋಣ. ನದಿ ಘಟ್ಟದಿಂದ ತಂದ ಹೂಳು, ಕಾಂಡ್ಲಾ ಗಿಡಗಳಿಂದ ಉದುರಿ ಕೊಳೆತ ಎಲೆ, ಕಡಲು ಒಳಕ್ಕೆ ತಳ್ಳಿದ ಸೂಕ್ಷ್ಮಜೀವಿಗಳು, ಎಲ್ಲ ಸೇರಿ ಈ ಕೆಸರಿನಲ್ಲಿ ಹುಳು, ಏಡಿ, ಚಿಪ್ಪುಜೀವಿಗಳು ತುಂಬಿಕೊಂಡಿರುತ್ತವೆ. ಕುಮಟಾ ಕಡೆ ಬಳಚು, ದಕ್ಷಿಣಕ್ಕೆ ತುಳುವಿನಲ್ಲಿ ಮರುವಾಯಿ ಎಂದು ಕರೆಯುವ ಚಿಪ್ಪುಮೀನನ್ನು ಹೆಂಗಸರು ಬುಟ್ಟಿ ಹಿಡಿದು ಹೆಕ್ಕುವುದು ಇದೇ ಹೊತ್ತಿಗೆ. ಸೆಪ್ಟೆಂಬರ್ ಕಳೆದ ಮೇಲೆ ಏಪ್ರಿಲ್‌ವರೆಗೆ ಅವರ ಜೊತೆಗೆ ಇನ್ನೊಂದು ದಂಡೂ ಇಳಿದಿರುತ್ತದೆ: ಟಿಬೆಟಿನ ಪ್ರಸ್ಥಭೂಮಿ, ಮಧ್ಯ ಏಷ್ಯಾ, ಸೈಬೀರಿಯಾಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುವ ನೀರಂಚಿನ ಹಕ್ಕಿಗಳು. ಮಧ್ಯ ಏಷ್ಯಾದ ವಲಸೆ ಮಾರ್ಗ ಎಂದು ವಿಜ್ಞಾನಿಗಳು ಗುರುತಿಸುವ, 30 ದೇಶಗಳಿಗೆ ಹರಡಿದ ಹಾದಿಯ ದಕ್ಷಿಣದ ತುದಿಗಳಲ್ಲಿ ನಮ್ಮ ಅಳಿವೆಗಳೂ ಸೇರಿವೆ. ಇವು ಒಂದೇ ಬಯಲಿನಲ್ಲಿ ಜಗಳವಿಲ್ಲದೆ ಮೇಯುವುದು ಕೊಕ್ಕಿನ ಉದ್ದದ ಬಲದಿಂದ. ಗಿಡ್ಡ ಕೊಕ್ಕಿನ ಪ್ಲೋವರ್ ಕಣ್ಣಿಗೆ ಬಿದ್ದ ಹುಳುವನ್ನು ಓಡಿಹೋಗಿ ಮೇಲಿನಿಂದಲೇ ಹೆಕ್ಕುತ್ತದೆ. ಕೆಂಪು ಕಾಲಿನ ಗೊರವ ಇನ್ನಷ್ಟು ಆಳಕ್ಕೆ ಚುಚ್ಚುತ್ತದೆ. ಕೆಳಕ್ಕೆ ಬಾಗಿದ, ಅರ್ಧ ಅಡಿಯಷ್ಟು ಉದ್ದವಾಗಬಲ್ಲ ಕೊಕ್ಕಿನ ಕರ್ಲ್ಯೂ ಬೇರಾರಿಗೂ ಎಟುಕದ ಬಿಲದೊಳಗಿನದನ್ನು ಎಳೆದು ತೆಗೆಯುತ್ತದೆ. ಇಷ್ಟೆಲ್ಲವೂ ಇಳಿತದ ಕೆಲವೇ ಗಂಟೆಗಳ ವ್ಯವಹಾರ. ನೀರು ಏರಿತೆಂದರೆ ಊಟದ ಎಲೆ ಎತ್ತಿದಂತೆ.

ಈ ಬಯಲನ್ನು ದಡದಿಂದ ನೋಡಿದರೆ ದೂರವಾಗುತ್ತದೆ, ನಡೆದು ಹೋದರೆ ಮೊಣಕಾಲುದ್ದ ಹೂತುಹೋಗುತ್ತದೆ, ದೊಡ್ಡ ಬೋಟು ಮಾರುಗಟ್ಟಲೆ ಆಚೆಯೇ ತಳ ಹತ್ತಿ ನಿಲ್ಲುತ್ತದೆ. ಇಲ್ಲಿಗೆ ಸಲ್ಲುವುದು ಒಂದಡಿ ನೀರಿದ್ದರೂ ತೇಲುವ ಚಿಕ್ಕ ಪಾತಿದೋಣಿ. ಅದನ್ನು ಬಯಲಿನ ಅಂಚಿನಲ್ಲಿ, ಹಕ್ಕಿಗಳಿಂದ ದೂರದಲ್ಲಿ ನಿಲ್ಲಿಸಿ ಸುಮ್ಮನೆ ಕೂತರೆ ಮೊದಲ ಒಂದೆರಡು ನಿಮಿಷ ಏನೂ ಇಲ್ಲ, ಬರೀ ತೂತುಗಳಿರುವ ಕೆಸರು. ಆಮೇಲೆ ಒಂದು ತೂತಿನ ಬಾಯಲ್ಲಿ ಎರಡು ಕಡ್ಡಿಯಂಥ ಕಣ್ಣುಗಳು ಎದ್ದು ನಿಲ್ಲುತ್ತವೆ. ಅಲುಗಾಟವಿಲ್ಲವೆಂದು ಖಾತ್ರಿಯಾದ ಮೇಲೆ ಏಡಿ ಹೊರಬರುತ್ತದೆ, ಪಕ್ಕದ ತೂತಿನಿಂದ ಇನ್ನೊಂದು, ಆಮೇಲೆ ನೂರಾರು. ಗಂಡು ಫಿಡ್ಲರ್ ಏಡಿಗೆ ಒಂದು ಕೊಂಬು ತನ್ನ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಬೀಸಿ ಹೆಣ್ಣನ್ನು ಕರೆಯುತ್ತ, ಇನ್ನೊಂದು ಪುಟ್ಟ ಕೊಂಬಿನಿಂದ ಕೆಸರು ಬಾಯಿಗಿಡುತ್ತ, ಸತ್ವ ಹೀರಿ ಉಳಿದದ್ದನ್ನು ಸಣ್ಣ ಉಂಡೆ ಮಾಡಿ ಪಕ್ಕಕ್ಕೆ ಹಾಕುತ್ತದೆ. ಅದರ ನಡುವೆಯೇ ಮಡ್‌ಸ್ಕಿಪ್ಪರ್ ಎಂಬ ಮೀನು ಎದೆಯ ರೆಕ್ಕೆಗಳನ್ನು ಊರಿಕೊಂಡು ಕೆಸರ ಮೇಲೆ ತೆವಳುತ್ತದೆ. ಕಿವಿರಿನ ಗೂಡಿನಲ್ಲಿ ನೀರು ತುಂಬಿಕೊಂಡು, ಒದ್ದೆ ಚರ್ಮದಿಂದಲೂ ಬಾಯಿಯ ಒಳಪದರದಿಂದಲೂ ಗಾಳಿ ಹೀರಿ ಬದುಕುವ ಮೀನು ಇದು. ಮೈ ಒಣಗಿದರೆ ಕೆಸರಿನಲ್ಲಿ ಹೊರಳುತ್ತದೆ. ಕಣ್ಣು ಒಣಗಿದರೆ ಗುಡ್ಡೆಯನ್ನು ಒಳಕ್ಕೆಳೆದುಕೊಂಡು ತೇವ ಮಾಡಿ ಮತ್ತೆ ಮೇಲಕ್ಕೆತ್ತುತ್ತದೆ. ಎಂಜಿನ್ನಿನ ಒಂದು ಅದುರು, ದೋಣಿಯಲ್ಲಿ ಎದ್ದುನಿಂತವನ ಒಂದು ನೆರಳು ಸಾಕು, ಇಡೀ ಬಯಲು ಮತ್ತೆ ಬರೀ ತೂತುಗಳಾಗುತ್ತದೆ. ವೇಗದ ಬೋಟಿನವರು ಕಂಡದ್ದು ಆ ತೂತುಗಳನ್ನು.

ಉಬ್ಬರದ ಹೊತ್ತಿನ ನೋಟ ಬೇರೆ. ನೀರು ತುಂಬಿದಾಗ ಚಿಕ್ಕ ದೋಣಿಗೆ ಕಾಂಡ್ಲಾ ಕಾಡಿನ ಒಳತೋಡುಗಳು ತೆರೆದುಕೊಳ್ಳುತ್ತವೆ. ಕಮಾನಿನಂಥ ಬೇರುಗಳ ಮೇಲೆ ನಿಂತ ಗಿಡಗಳಲ್ಲಿ ಕಾಯಿ ಮರದಲ್ಲೇ ಮೊಳೆತು, ಅಡಿಯುದ್ದದ ಹಸಿರು ಕೋಲುಗಳಾಗಿ ಜೋತಾಡುತ್ತಿರುತ್ತದೆ. ಕಳಚಿ ಬಿದ್ದ ಕೋಲು ಕೆಸರಿನಲ್ಲಿ ನಾಟಿಕೊಳ್ಳಬಹುದು, ಇಲ್ಲವೇ ನೀರಿನಲ್ಲಿ ತೇಲಿ ಇನ್ನೊಂದು ಕುದ್ರುವಿನಲ್ಲಿ, ಅಂದರೆ ಹೊಳೆಯೊಳಗಿನ ನಡುಗಡ್ಡೆಯಲ್ಲಿ, ಬೇರು ಬಿಡಬಹುದು. ಬೇರುಗಳ ನೆರಳಿನಲ್ಲಿ ಸಿಗಡಿ, ಏಡಿ, ಕಡಲ ಮೀನುಗಳ ಮರಿಗಳು ಬೆಳೆಯುವುದರಿಂದಲೇ ಅಲ್ಲಿ ಮಿಂಚುಳ್ಳಿಗಳ ಕಾವಲು. ಸಾಮಾನ್ಯ ಮಿಂಚುಳ್ಳಿಯ ಜೊತೆಗೆ ಕರಾವಳಿಗೇ ಹೆಚ್ಚು ಅಂಟಿಕೊಂಡ ಕರಿತಲೆಯ ಮಿಂಚುಳ್ಳಿ, ದಪ್ಪ ಕೆಂಪು ಕೊಕ್ಕಿನ ಹೆಮ್ಮಿಂಚುಳ್ಳಿ ಇಲ್ಲಿ ಕಾಣಸಿಗುತ್ತವೆ. ನೀರುನಾಯಿಗಳು ಕಣ್ಣಿಗೆ ಬೀಳುವುದು ಅಪರೂಪ. ಆದರೆ ಗೋವೆಯಂಥ ಕಡೆ ಕಾಂಡ್ಲಾ ತೋಡುಗಳಲ್ಲಿ ಅವು ಬದುಕುವುದು ಚೆನ್ನಾಗಿ ದಾಖಲಾಗಿದೆ. ಒಂದೇ ಕಲ್ಲಿನ ಮೇಲೆ ಮತ್ತೆ ಮತ್ತೆ ಹಾಕಿದ, ಮೀನಿನ ಹುರುಪೆ ತುಂಬಿದ ಹಿಕ್ಕೆ ಮತ್ತು ಕೆಸರಿನ ಮೇಲಿನ ಹೆಜ್ಜೆ ಗುರುತುಗಳನ್ನು ಓದಬಲ್ಲವರಿಗೆ ಪ್ರಾಣಿ ಎದುರಿಗಿಲ್ಲದೆಯೂ ಅದರ ಸಂಸಾರದ ವಿವರ ಸಿಗುತ್ತದೆ. ಇಂಥ ಓದಿಗೆ ಬೇಕಾದ್ದು ನಿಂತು ನೋಡುವ ಪುರುಸೊತ್ತು. ಹುಟ್ಟು ಹಾಕುವ ದೋಣಿಯಲ್ಲಿ ಅದು ತಾನಾಗಿ ದೊರೆಯುತ್ತದೆ.

ಇಷ್ಟು ನೋಡುವವರ ಕಡೆಯ ಲೆಕ್ಕ. ಜೀವಿಗಳ ಕಡೆಯ ಲೆಕ್ಕ ಇನ್ನೂ ಬಿಗಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಚಳಿಗಾಲ ಮುಗಿಯುವುದರೊಳಗೆ ಮತ್ತೆ ಅಷ್ಟೇ ದೂರ ಹಾರಲು ಬೇಕಾದ ಕೊಬ್ಬನ್ನು ಮೈಯಲ್ಲಿ ಕೂಡಿಸಿಕೊಳ್ಳಬೇಕು. ಅದಕ್ಕಿರುವುದು ಇಳಿತದ ಆ ಕೆಲವು ಗಂಟೆಗಳು. ಪ್ರತಿ ಸಲ ಬೋಟು ನುಗ್ಗಿ ಹಿಂಡು ಎದ್ದಾಗ ಎರಡು ನಷ್ಟ: ಹಾರಲು ಖರ್ಚಾದ ಶಕ್ತಿ, ಮೇಯದೆ ಕಳೆದ ಹೊತ್ತು. ಹಿಂಡು ಹಾರಿದ ಚಿತ್ರ ಮೊಬೈಲಿನಲ್ಲಿ ಚೆಂದ ಬರುತ್ತದೆ, ನಿಜ. ಆ ಚಿತ್ರದ ಬೆಲೆಯನ್ನು ಕೊಡುವುದು ಹಕ್ಕಿ. ಎಷ್ಟು ದೂರದಲ್ಲಿದ್ದರೆ ಹಕ್ಕಿ ಏಳುವುದಿಲ್ಲ ಎಂಬುದನ್ನೂ ಅಳೆದು ನೋಡಿದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿ ಎಂಜಿನ್ ದೋಣಿ ಮತ್ತು ನೀರಿನ ಸ್ಕೂಟರುಗಳನ್ನು ಹಕ್ಕಿಗಳತ್ತ ಓಡಿಸಿ ನಡೆಸಿದ, 2002ರಲ್ಲಿ ಪ್ರಕಟವಾದ ಅಧ್ಯಯನ ಬಕ ಕೊಕ್ಕರೆಗಳ ಜಾತಿಯವಕ್ಕೆ 180 ಮೀಟರ್, ರೀವ ಮತ್ತು ಕಡಲಕ್ಕಿಗಳಿಗೆ 140 ಮೀಟರ್, ಪ್ಲೋವರ್ ಮತ್ತು ಗೊರವಗಳಿಗೆ 100 ಮೀಟರ್ ಅಂತರ ಬಿಡಬೇಕೆಂದು ಸಲಹೆ ಮಾಡಿತು. ಅಲ್ಲಿನ ಅಂಕಿಯನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸಬೇಕಾಗಿಲ್ಲ. ಆದರೆ ನೂರು ಮೀಟರ್ ಎಂಬುದು ಹೆಚ್ಚೇನಲ್ಲ, ಒಂದು ದುರ್ಬೀನು ಇದ್ದರೆ ಆ ದೂರದಿಂದ ಹಕ್ಕಿಯ ಕೊಕ್ಕಿನಲ್ಲಿರುವ ಹುಳುವೂ ಕಾಣುತ್ತದೆ. ಹತ್ತಿರ ಹೋದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬ ನಂಬಿಕೆ ಇಲ್ಲಿ ತಿರುಗುಮುರುಗಾಗುತ್ತದೆ. ಹತ್ತಿರ ಹೋದವರಿಗೆ ಸಿಗುವುದು ಹಾರಿಹೋಗುವ ಬೆನ್ನು. ದೂರ ನಿಂತವರಿಗೆ ಅದರ ಇಡೀ ದಿನಚರಿ.

ಡಾಲ್ಫಿನ್‌ಗಳ ವಿಷಯದಲ್ಲಿ ತೊಂದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಸಂಬಂಧಿಸಿದ್ದು. ನಮ್ಮ ಅಳಿವೆ ಬಾಗಿಲುಗಳಲ್ಲಿ ಕಾಣಿಸಿಕೊಳ್ಳುವುದು ಬೆನ್ನಿನ ಮೇಲೆ ಡುಬ್ಬವಿರುವ, ಆಳವಿಲ್ಲದ ದಂಡೆಯಂಚಿನ ನೀರಿಗೇ ಅಂಟಿಕೊಂಡ ಹಿಂದೂ ಮಹಾಸಾಗರದ ಹಂಪ್‌ಬ್ಯಾಕ್ ಡಾಲ್ಫಿನ್. ಜಗತ್ತಿನ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಇದರ ಹೆಸರಿದೆ. ಹೊಳೆ ನೀರು ಕಲಕಿ ಕಂದಾಗಿರುವ ಕಡೆ ಕಣ್ಣು ಹೆಚ್ಚು ಉಪಯೋಗಕ್ಕೆ ಬಾರದು. ಡಾಲ್ಫಿನ್ ಶಬ್ದ ಹೊರಡಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಮೀನನ್ನೂ ದಾರಿಯನ್ನೂ ತಿಳಿಯುತ್ತದೆ, ತಾಯಿ ಮರಿ ಪರಸ್ಪರ ಕರೆಯುವುದೂ ಶಬ್ದದಿಂದಲೇ. ನೀರಿನಲ್ಲಿ ಶಬ್ದ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ, ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. ಮೂರು ನಾಲ್ಕು ಬೋಟುಗಳು ಸುತ್ತುವರಿದು ಎಂಜಿನ್ ಗುಡುಗಿಸಿದರೆ ಆ ಪ್ರಾಣಿಗೆ ಅದು ದಾರಿ ತಪ್ಪಿಸುವ ಗದ್ದಲ. ಇಲ್ಲಿ ಬೋಟಿನವರು ಒಂದು ಮಾತು ಹೇಳುವುದುಂಟು: ಇಷ್ಟು ವರ್ಷದಿಂದ ತೋರಿಸುತ್ತಿದ್ದೇವೆ, ಡಾಲ್ಫಿನ್ ಇನ್ನೂ ಬರುತ್ತಿವೆಯಲ್ಲ, ಅವಕ್ಕೆ ಅಭ್ಯಾಸವಾಗಿದೆ. ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ವರ್ಷಗಟ್ಟಲೆ ಲೆಕ್ಕ ಇಟ್ಟ ಸಂಶೋಧಕರ ಅನುಭವ ಬೇರೆ. ಅಲ್ಲಿ ಡಾಲ್ಫಿನ್ ತೋರಿಸುವ ಸಂಸ್ಥೆಗಳು ಒಂದರಿಂದ ಎರಡಾದ ಮೇಲೆ ಆ ಜಾಗದ ಡಾಲ್ಫಿನ್‌ಗಳ ಪ್ರಮಾಣ ಸರಾಸರಿ ಶೇ 14.9ರಷ್ಟು ಇಳಿದದ್ದು 2006ರಲ್ಲಿ ಪ್ರಕಟವಾಯಿತು. ಉಳಿದವು ಬೋಟಿಗೆ ಹೊಂದಿಕೊಂಡಂತೆ ಕಾಣುತ್ತಿದ್ದವು; ಹೊಂದಿಕೊಳ್ಳಲಾಗದವು ಸದ್ದಿಲ್ಲದೆ ಜಾಗ ಬಿಟ್ಟಿದ್ದವು. ಉಳಿದವನ್ನು ಮಾತ್ರ ನೋಡಿ ಎಲ್ಲ ಸರಿಯಿದೆ ಎನ್ನುವುದು ಊರು ಬಿಟ್ಟವರನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಜನಗಣತಿ. ಈಗ ಆಸ್ಟ್ರೇಲಿಯಾದ ಮಾರ್ಗಸೂಚಿಯ ಪ್ರಕಾರ ದೋಣಿ ಡಾಲ್ಫಿನ್‌ನ 50 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ, 150 ಮೀಟರ್ ಒಳಗೆ ಬಂದರೆ ಅಲೆ ಏಳಿಸದಷ್ಟು ನಿಧಾನವಾಗಬೇಕು.

ಹಾಗಾದರೆ ಎಂಜಿನ್ ತೆಗೆದು ಹುಟ್ಟು ಹಿಡಿದರೆ ಎಲ್ಲವೂ ಸರಿಹೋಗುತ್ತದೆಯೇ? ಇಲ್ಲ, ಮತ್ತು ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಕಯಾಕ್‌ನಂಥ ಸದ್ದಿಲ್ಲದ ದೋಣಿಗಳು ಕೆಲವು ಸಲ ಎಂಜಿನ್ ದೋಣಿಗಿಂತ ಹೆಚ್ಚು ಗಾಬರಿ ಹುಟ್ಟಿಸುತ್ತವೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿರುವ ಸಂಗತಿ. ಕಾರಣ ಸರಳ. ಎಂಜಿನ್ ದೋಣಿ ದೂರದಿಂದಲೇ ತನ್ನ ಬರವನ್ನು ಸಾರುತ್ತದೆ. ಕಯಾಕ್ ಮೌನವಾಗಿ ತಿರುವು ದಾಟಿ ಹಠಾತ್ತನೆ ಎದುರು ನಿಲ್ಲುತ್ತದೆ. ಬೇಟೆಯಾಡುವ ಪ್ರಾಣಿ ಬರುವುದೂ ಹೀಗೆಯೇ. ಜೊತೆಗೆ, ಬೇರೆ ದೋಣಿಗೆ ಹೋಗಲಾಗದ ಗೂಡಿನ ಮಗ್ಗುಲಿಗೂ ಅದು ನುಸುಳಬಲ್ಲದು. ಆದ್ದರಿಂದ ಮೌನವೊಂದೇ ಅರ್ಹತೆಯಲ್ಲ. ಚಿಕ್ಕ ದೋಣಿಯ ಹೆಚ್ಚುಗಾರಿಕೆ ಇರುವುದು ಅದನ್ನು ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ತೆಗೆಯಬಹುದು, ನೀರಿನ ಸೆಳೆತಕ್ಕೆ ಬಿಟ್ಟು ಕೂರಬಹುದು ಎಂಬುದರಲ್ಲಿ. ಹಕ್ಕಿಯತ್ತ ನೆಟ್ಟಗೆ ಹೋಗದೆ ಓರೆಯಾಗಿ ಸಾಗಬೇಕು. ಮೇಯುತ್ತಿದ್ದ ಹಿಂಡು ತಲೆಯೆತ್ತಿ ಒಂದೇ ಕಡೆ ನೋಡತೊಡಗಿತೆಂದರೆ ಅದು ನಿಲ್ಲು ಎನ್ನುವ ಸೂಚನೆ. ಅಲ್ಲಿಂದ ಒಂದು ಹುಟ್ಟು ಮುಂದೆ ಹಾಕಿದರೂ ಏಳುತ್ತವೆ. ಇನ್ನು ಉಬ್ಬರದ ತುದಿಯಲ್ಲಿ ಮುಳುಗದೆ ಉಳಿದ ಮರಳುದಿಬ್ಬದ ಮೇಲೆ ಹಕ್ಕಿಗಳು ಒತ್ತೊತ್ತಾಗಿ ನಿಂತು ದಣಿವಾರಿಸಿಕೊಳ್ಳುತ್ತಿದ್ದರೆ ಅಲ್ಲಿಗೆ ಯಾವ ದೋಣಿಯೂ, ಹುಟ್ಟಿನದ್ದಾದರೂ, ಹೋಗಬಾರದು. ಆ ಹೊತ್ತಿಗೆ ಅವಕ್ಕೆ ಬೇರೆ ಜಾಗವಿರುವುದಿಲ್ಲ. ಪ್ರವಾಸಿಗಳನ್ನು ಅದೇ ದಿಬ್ಬದ ಮೇಲಿಳಿಸಿ ಸೆಲ್ಫಿಗೆ ಬಿಡುವುದು ಸುಲಭವಾಗಿ ನಿಲ್ಲಿಸಬಹುದಾದ ಕೆಟ್ಟ ರೂಢಿ.

ಮತ್ತೊಂದು ಆಕ್ಷೇಪ: ದಿನಬೆಳಗಾದರೆ ನೂರಾರು ಮೀನುಗಾರಿಕೆ ಬೋಟುಗಳು ಇದೇ ಅಳಿವೆಯಲ್ಲಿ ಓಡಾಡುತ್ತವೆ, ನಾಲ್ಕು ಪ್ರವಾಸಿ ದೋಣಿಗಳ ಮೇಲೆ ಮಾತ್ರ ಯಾಕೆ ಕಣ್ಣು? ತದಡಿ, ಗಂಗೊಳ್ಳಿ, ಮಲ್ಪೆಗಳ ಬೋಟುಗಳ ಸದ್ದು ಕಡಿಮೆಯೇನಲ್ಲ ಎನ್ನುವುದು ಸರಿ. ಆದರೆ ಮೀನುಗಾರನ ಬೋಟು ನಿಶ್ಚಿತ ಕಾಲುವೆಯಲ್ಲಿ, ನಿಶ್ಚಿತ ಹೊತ್ತಿಗೆ, ತನ್ನ ಪಾಡಿಗೆ ತಾನು ಹೋಗುತ್ತದೆ. ಅದು ಹಕ್ಕಿಯನ್ನು ಹುಡುಕಿಕೊಂಡು ಬಯಲಿಗೆ ತಿರುಗುವುದಿಲ್ಲ. ಪ್ರಾಣಿಗಳು ಇಂಥ ಓಡಾಟಕ್ಕೆ ಹೊಂದಿಕೊಳ್ಳಬಲ್ಲವು. ಬಲೆ ಎಳೆಯುವ ದೋಣಿಯ ಪಕ್ಕದಲ್ಲೇ ಬೆಳ್ಳಕ್ಕಿ, ಗರುಡ, ಕಡಲಕ್ಕಿಗಳು ಸುಳಿಯುವುದು ಅದರಿಂದಲೇ. ಪ್ರವಾಸಿ ದೋಣಿಯ ಕೆಲಸವೇ ಬೇರೆ, ಪ್ರಾಣಿ ಎಲ್ಲಿದೆಯೋ ಅಲ್ಲಿಗೆ ಹೋಗುವುದು. ಅದರ ಗುರಿ ಪ್ರಾಣಿಯೇ ಆದ್ದರಿಂದ ಅದರ ಹೊಣೆಯೂ ಹೆಚ್ಚು. ಮಂಡ್ಯ ಜಿಲ್ಲೆಯ ರಂಗನತಿಟ್ಟಿನಲ್ಲಿ ಈ ಮಾತಿಗೆ ಪುರಾವೆ ಸಿಗುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಆ ಜಾಗದಲ್ಲಿ ಅಂಬಿಗರು ಹುಟ್ಟು ಹಾಕಿಕೊಂಡು ಗೊತ್ತಾದ ಹಾದಿಯಲ್ಲಿ ದೋಣಿ ಸಾಗಿಸುತ್ತಾರೆ. ಕೊಕ್ಕರೆಯ ಗೂಡು, ಬಂಡೆಯ ಮೇಲೆ ಬಾಯ್ದೆರೆದು ಬಿಸಿಲು ಕಾಯಿಸುವ ಮೊಸಳೆ, ಎರಡೂ ಕದಲುವುದಿಲ್ಲ. ಕಾವೇರಿಯ ಹಕ್ಕಿಗಳು ಕರಾವಳಿಯವಕ್ಕಿಂತ ಧೈರ್ಯವಂತವೆಂದಲ್ಲ. ಅಲ್ಲಿ ದೋಣಿ ಎಲ್ಲಿಗೆ ಬರುತ್ತದೆ, ಎಲ್ಲಿಗೆ ಬರುವುದಿಲ್ಲ ಎಂಬುದು ಅವಕ್ಕೆ ತಿಳಿದಿದೆ.

ಜನಕ್ಕೆ ಅಷ್ಟು ಸಮಯವಿಲ್ಲ ಎಂಬುದು ಮೂರನೆಯ ತಕರಾರು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದವರಿಗೆ ಮುರ್ಡೇಶ್ವರ, ಗೋಕರ್ಣ, ಇಡಗುಂಜಿಗಳ ನಡುವೆ ಅಳಿವೆಗೆ ಸಿಗುವುದು ಒಂದು ಗಂಟೆ; ಜೊತೆಗೆ ಮಕ್ಕಳು, ವಯಸ್ಸಾದವರು. ಅವರನ್ನು ಕೆಸರಿನಂಚಿನಲ್ಲಿ ಸುಮ್ಮನೆ ಕೂರಿಸಲಾದೀತೆ? ಒಂದು ಗಂಟೆ ಕಡಿಮೆಯೇನಲ್ಲ. ಅದೇ ಒಂದು ಗಂಟೆಯಲ್ಲಿ ಎಂಟು ಹತ್ತು ಕಿಲೋಮೀಟರ್ ಓಡಿ ಎಲ್ಲವನ್ನೂ ಹಿಂದೆ ಹಾಕುವುದಕ್ಕಿಂತ ಒಂದು ಕಿಲೋಮೀಟರಿನೊಳಗೆ ಎರಡು ಕಡೆ ನಿಂತು ನೋಡುವುದು ಮಕ್ಕಳಿಗೂ ಹಿಡಿಸುತ್ತದೆ. ಏಡಿ ಹೊರಬರುವುದನ್ನು ಕಾಯುವ ಆಟದಲ್ಲಿ ಮಕ್ಕಳು ದೊಡ್ಡವರಿಗಿಂತ ಗಟ್ಟಿ. ಇಲ್ಲಿ ಬೇಕಾಗಿರುವುದು ಸಮಯವನ್ನು ಹೆಚ್ಚಿಸುವುದಲ್ಲ, ಸರಿಯಾದ ಸಮಯವನ್ನು ಆರಿಸುವುದು. ಪಂಚಾಂಗ ಮನೆಯಲ್ಲಿದ್ದರೆ ಸಾಕು: ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು ಉಬ್ಬರ ಹೆಚ್ಚುಕಡಿಮೆ ಮಧ್ಯಾಹ್ನ ಮತ್ತು ಮಧ್ಯರಾತ್ರಿಗೆ ಹತ್ತಿರ ಬರುತ್ತದೆ, ಇಳಿತ ಮುಂಜಾನೆ ಮತ್ತು ಇಳಿಹೊತ್ತಿಗೆ. ಅಷ್ಟಮಿಯ ಆಸುಪಾಸು ಇದು ತಿರುಗುಮುರುಗು, ಆಗ ನೀರಿನ ಏರಿಳಿತವೂ ಕಡಿಮೆ. ಅಂದರೆ ಹುಣ್ಣಿಮೆಯ ಸುತ್ತಿನ ಸಂಜೆ ಕೆಸರು ಬಯಲಿನ ಹಕ್ಕಿಗಳಿಗೆ, ನಡುಹಗಲು ಕಾಂಡ್ಲಾ ತೋಡುಗಳಿಗೆ ತಕ್ಕದ್ದು. ನಿಖರವಾದ ವೇಳೆ ಬೇಕಾದವರಿಗೆ ಬಂದರುಗಳ ಉಬ್ಬರವಿಳಿತದ ಪಟ್ಟಿ ಸಿಗುತ್ತದೆ, ಊರಿನ ಮೀನುಗಾರರ ಬಾಯಲ್ಲಂತೂ ಅದು ಇದ್ದೇ ಇದೆ.

ಎಲ್ಲಕ್ಕಿಂತ ಗಟ್ಟಿಯಾದ ತಕರಾರು ಹೊಟ್ಟೆಪಾಡಿನದು. ಮೂವತ್ತು ಜನರನ್ನು ಹೊತ್ತು ಗಂಟೆಗೊಂದು ಸುತ್ತು ಹೊಡೆಯುವ ಬೋಟಿನ ಗಳಿಕೆ ಆರು ಜನರ ಪಾತಿಗೆ ಬಂದೀತೆ? ಒಂದೊಂದು ದೋಣಿಯ ಲೆಕ್ಕ ಹಿಡಿದರೆ ಬಾರದು. ಆದರೆ ದುಡ್ಡು ಯಾರಿಗೆ ಹೋಗುತ್ತದೆ ಎಂದೂ ಕೇಳಬೇಕು. ದೊಡ್ಡ ಬೋಟಿಗೆ ಬಂಡವಾಳ ಹಾಕುವವನು ಒಬ್ಬ. ಅದೇ ಮೂವತ್ತು ಜನ ಐದು ಪಾತಿಗಳಲ್ಲಿ ಹೋದರೆ ಐದು ಮನೆಗೆ ಕೆಲಸ. ಅಂಬಿಗನಿಗೆ ನೀರಿನ ಬಗ್ಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ: ಯಾವ ತೋಡಿಗೆ ಯಾವ ಹೊತ್ತು, ಯಾವ ಕೋಡಿಯ ಬಳಿ ಸುಳಿ, ಯಾವ ಮರದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದಿನ ಗೂಡು. ಆ ತಿಳಿವಳಿಕೆಗೆ ಬೆಲೆ ಬರುವುದು ನಿಧಾನದ ದೋಣಿಯಲ್ಲಿ ಮಾತ್ರ. ಒಡಿಶಾದ ಚಿಲಿಕಾ ಸರೋವರದಂಚಿನ ಮಂಗಲಜೋಡಿ ಇದಕ್ಕೆ ಸಾಕ್ಷಿ. ಒಂದು ಕಾಲಕ್ಕೆ ಹಕ್ಕಿ ಬೇಟೆಗೆ ಹೆಸರಾಗಿದ್ದ ಆ ಹಳ್ಳಿಯ ಬೇಟೆಗಾರರೇ ಮುಂದೆ ಹಕ್ಕಿಗಳ ಕಾವಲಿಗೆ ನಿಂತು, ಗಳ ಊರಿ ಸಾಗಿಸುವ ನಾಡದೋಣಿಗಳಲ್ಲಿ ಪ್ರವಾಸಿಗರಿಗೆ ಮಾರ್ಗದರ್ಶಕರಾದರು. ದೇಶದ ಮೂಲೆ ಮೂಲೆಯಿಂದ ಛಾಯಾಗ್ರಾಹಕರು ಅಲ್ಲಿಗೆ ಹೋಗುವುದು ಆ ಎಂಜಿನ್ ಇಲ್ಲದ ದೋಣಿಗಳಿಗಾಗಿಯೇ, ಯಾಕೆಂದರೆ ಅಲ್ಲಿ ಹಕ್ಕಿ ಹಾರಿಹೋಗುವುದಿಲ್ಲ. ಅಘನಾಶಿನಿ, ಶರಾವತಿಗಳ ದಡದ ಅಂಬಿಗರಲ್ಲೂ ಬಳಚು ಹೆಕ್ಕುವವರಲ್ಲೂ ಇದಕ್ಕೆ ಕಡಿಮೆಯಿಲ್ಲದ ಅನುಭವವಿದೆ.

ಸುರಕ್ಷತೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಿರಬೇಕು. ಚಿಕ್ಕ ದೋಣಿ ಕಡಲಿಗಲ್ಲ. ಅಳಿವೆ ಬಾಗಿಲಿನಲ್ಲಿ ಹೊರಕ್ಕೆ ಧಾವಿಸುವ ಇಳಿತದ ನೀರಿಗೂ ಒಳಬರುವ ಅಲೆಗೂ ಡಿಕ್ಕಿಯಾಗಿ ನೀರು ಎದ್ದು ಒಡೆಯುತ್ತದೆ. ಮರಳಿನ ದಿಬ್ಬ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋಗಿ ಮರಳುತ್ತಿದ್ದವರ ದೋಣಿ 2019ರ ಜನವರಿಯಲ್ಲಿ ಮಗುಚಿ 16 ಮಂದಿ ಸತ್ತದ್ದನ್ನು ಯಾರೂ ಮರೆಯಬಾರದು. ಎಂಜಿನ್ ಇದ್ದಮಾತ್ರಕ್ಕೆ ದೋಣಿ ಸುರಕ್ಷಿತವಲ್ಲ. ಜೀವರಕ್ಷಕ ಜಾಕೆಟ್, ಮಿತಿಯೊಳಗಿನ ಜನ, ಗಾಳಿ ನೀರಿನ ಅಂದಾಜು, ಇವು ಕಾಪಾಡುತ್ತವೆ. ಈ ಬರಹ ಹೇಳುವ ಸಂಚಾರವೆಲ್ಲ ಅಳಿವೆಯ ಒಳಗಿನದು, ತೋಡು, ಕುದ್ರು, ಕೆಸರು ಬಯಲುಗಳ ನಡುವಿನದು. ಸೆಳೆತ ಜೋರಿದ್ದ ಕಡೆ ದಾಟಲು ಚಿಕ್ಕದೊಂದು ಎಂಜಿನ್ ಇಟ್ಟುಕೊಳ್ಳುವುದು ತಪ್ಪಲ್ಲ. ಅದನ್ನು ದಾರಿ ಸಾಗಿಸಲು ಬಳಸಿ, ಪ್ರಾಣಿಯ ಹತ್ತಿರ ಬಂದಾಗ ಆರಿಸಿ ಹುಟ್ಟು ಹಿಡಿದರಾಯಿತು.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ವಾದ ಬೇಕೆ ಎಂದರೆ, ಬೇಕು. ದೊಡ್ಡ ದೋಣಿಗಳ ಸಾಗಾಟಕ್ಕೆ ದಾರಿ ತೆರೆಯಬಹುದಾದ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ ಕಾಳಿ, ಶರಾವತಿ, ಗುರುಪುರ, ನೇತ್ರಾವತಿಗಳೂ ಸೇರಿವೆ. ಇನ್ನೊಂದು ಕಡೆ, ಒಂದು ಅಣೆಕಟ್ಟೂ ಇಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆಯ 4801 ಹೆಕ್ಟೇರಿಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮನ್ನಣೆ ಬಂದಿದೆ. ಪಕ್ಕದ ಶರಾವತಿಯಲ್ಲಿ ವಿದ್ಯುತ್ ಉತ್ಪಾದನೆಗೆ ಬಳಸಿದ ಸಿಹಿನೀರು ಬೇಸಿಗೆಯಲ್ಲೂ ಹರಿದು ಬಂದು, ಅಳಿವೆಯ ಉಪ್ಪಿನಂಶ ತಗ್ಗಿ, ಚಿಪ್ಪುಜೀವಿಗಳು ಸೊರಗಿದ್ದನ್ನು ಅಧ್ಯಯನಗಳು ತೋರಿಸಿವೆ. ಅಘನಾಶಿನಿಯಲ್ಲಿ ಅವು ಇನ್ನೂ ಸಾವಿರಾರು ಜನರ ಹೊಟ್ಟೆ ಹೊರೆಯುತ್ತಿವೆ. ಎರಡು ಹೊಳೆಗಳ ನಡುವಿನ ಈ ಅಂತರ ಗಾಳಿ ಸವಾರಿಗೆ ಬಂದವರಿಗೆ ತಿಳಿಯುವುದಿಲ್ಲ. ಕೆಸರಿನಲ್ಲಿ ಏನಿದೆ, ಏನಿಲ್ಲ ಎಂದು ನಿಂತು ನೋಡಿದವರಿಗೆ ತಿಳಿಯುತ್ತದೆ, ಮತ್ತು ಮುಂದೆ ಯಾವುದೋ ಯೋಜನೆಗೆ ಅಳಿವೆ ಬಲಿಯಾಗುವ ಸಂದರ್ಭ ಬಂದರೆ ಮಾತಾಡುವವರೂ ಅವರೇ.

ಹಾಗಾಗಿ ಮುಂದಿನ ಸಲ ಕರಾವಳಿಗೆ ಹೋದಾಗ ಬೋಟಿನವರನ್ನು ಎಷ್ಟು ದೂರ ಸುತ್ತಿಸುತ್ತೀರಿ ಎಂದು ಕೇಳಬೇಡಿ. ಇಂದು ಇಳಿತ ಎಷ್ಟು ಹೊತ್ತಿಗೆ, ಎಲ್ಲಿ ದೋಣಿ ನಿಲ್ಲಿಸುತ್ತೀರಿ ಎಂದು ಕೇಳಿ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನು ಸಾಕು, ಅದಕ್ಕಿಂತ ಹೆಚ್ಚಿನದು ದೋಣಿಯ ಓಲಾಟಕ್ಕೆ ನಿಲ್ಲುವುದಿಲ್ಲ. ಕಣ್ಣು ಕುಕ್ಕುವ ಬಟ್ಟೆ, ಸ್ಪೀಕರಿನ ಹಾಡು, ಕಡಲಕ್ಕಿಗೆ ಎಸೆಯುವ ಖಾರಾ ಪೊಟ್ಟಣ, ಮೂರನ್ನೂ ದಡದಲ್ಲೇ ಬಿಡಿ. ಡಾಲ್ಫಿನ್ ಕಂಡಾಗ ಇನ್ನೂ ಹತ್ತಿರ ಹೋಗಿ ಎಂದು ಅಂಬಿಗನನ್ನು ಒತ್ತಾಯಿಸಬೇಡಿ. ಅವನು ಹೋಗುವುದು ನೀವು ಕೇಳುತ್ತೀರಿ ಎಂಬ ಒಂದೇ ಕಾರಣಕ್ಕೆ. ಪ್ರವಾಸೋದ್ಯಮ ಇಲಾಖೆ, ಅರಣ್ಯ ಇಲಾಖೆ, ಕರಾವಳಿಯ ಗ್ರಾಮ ಪಂಚಾಯತಿಗಳು ಒಟ್ಟಿಗೆ ಕೂತು ವೇಗದ ಮಿತಿ, ಅಂತರದ ಮಿತಿ, ದೋಣಿ ಹೋಗಬಾರದ ದಿಬ್ಬಗಳ ಪಟ್ಟಿ, ಈ ಮೂರನ್ನು ಗೊತ್ತು ಮಾಡಿ ಸ್ಥಳೀಯ ಅಂಬಿಗರಿಗೆ ಮಾರ್ಗದರ್ಶಕರ ಪರವಾನಗಿ ಕೊಟ್ಟರೆ ಖರ್ಚೂ ಹೆಚ್ಚಿಲ್ಲ, ಕಟ್ಟಡವೂ ಬೇಕಿಲ್ಲ. ಅಲ್ಲಿಯವರೆಗೆ ನಿಯಮ ಪಾಲಿಸುವ ಕೆಲಸ ದೋಣಿ ಹತ್ತಿದವರದೇ.